ಗುಲಾಬಕ್ಕನ ಮಂಜು

2004ರ ಡಿಸೆಂಬರಿನ ಒಂದು ಭಾನುವಾರ, ನಾನು ಸುದ್ದಿ ಕಳುಹಿಸುತ್ತಿದ್ದ ಪತ್ರಿಕೆಯ ಒಳಪುಟದಲ್ಲಿ ನಾನು ತೆಗೆದ ಚಿತ್ರವೊಂದು ಅಚ್ಚಾಯಿತು. ಅಡಿಬರಹ: ‘ಬೀಜಾಡಿಯಲ್ಲಿ ದಟ್ಟ ಮಂಜು’. ಚಿತ್ರದಲ್ಲಿದ್ದದ್ದು ಮಂಜಲ್ಲ, ಪಕ್ಕದ ಮನೆಯ ಗುಲಾಬಕ್ಕನ ಗದ್ದೆಯ ಹೊಗೆ. ನಾನು ಹಾಗೆಂದೇ ಬರೆದು ಕಳುಹಿಸಿದ್ದೆ.

ನಮ್ಮ ಕರಾವಳಿಯ ಚಳಿಗಾಲ ಕ್ಯಾಮರಾಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಅದು ಮುಗಿದು, ಮಂಕಿ ಟೋಪಿಯವರು ಬೆವರತೊಡಗುತ್ತಾರೆ. ಆದರೆ ಪತ್ರಿಕೆಯ ಡೆಸ್ಕಿನವರಿಗೆ ವರ್ಷಕ್ಕೊಂದು ಚಳಿಯ ಚಿತ್ರ ಬೇಕೇ ಬೇಕು. ಕೊಯ್ಲು ಮುಗಿದ ಮೇಲೆ ಗುಲಾಬಕ್ಕ ತರಗೆಲೆ, ಸಗಣಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು ಸುಡುಮಣ್ಣು ಮಾಡುತ್ತಿದ್ದರು. ಗದ್ದೆಗೆ ಅದು ಗೊಬ್ಬರ. ರಾಶಿ ಧಗಧಗ ಉರಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಹೊಗೆ ಮೇಲೇಳಲು ಸೋಮಾರಿಯಾಗಿ ಗದ್ದೆಯ ಮೇಲೇ ಮಲಗುತ್ತದೆ. ನಾನು ಒಂಟಿ ಮನುಷ್ಯ. ದಿನವಿಡೀ ಬೇರೆಯವರನ್ನು ಮಾತಾಡಿಸುವುದು ನನ್ನ ಉದ್ಯೋಗ. ನನ್ನನ್ನು ಯಾರಾದರೂ ಮಾತಾಡಿಸುತ್ತಿದ್ದದ್ದು ಆ ರಾಶಿಯ ಪಕ್ಕದಲ್ಲಿ ಮಾತ್ರ. ಕೈ ಕಾಯಿಸುತ್ತ ನಿಂತರೆ ಗುಲಾಬಕ್ಕ, “ಇವತ್ತ್ ಎಂತ ತಿಂದ್ರಿ? ಮತ್ತೂ ಬ್ರೆಡ್ಡಾ? ಜ್ವರ ಬಂದವ್ರ್ ತಿಂಬುದ್ ಅದ್” ಎನ್ನುತ್ತಿದ್ದರು.

ಸೋಮವಾರ ಅವರು ಪತ್ರಿಕೆ ಹಿಡಿದೇ ಬಂದರು.

“ಹ್ವಾಯ್, ಬೆಂಕಿ ಹಾಕದ್ ನಾನ್, ಹೆಸ್ರ್ ಮಂಜಿಗಾ? ಇದ್ರಂಗೆ ನಾನ್ ಎಲ್ಲಿದ್ದೆ?”

“ಎಡಗಡೆ ಕಪ್ಪಗೆ ಬಗ್ಗಿದ್ದು ನೀವೇ ಅಕ್ಕ.”

“ನಾನ್ ಅಷ್ಟ್ ಕಪ್ಪಾ? ಪೇಪರಂಗೆ ನನ್ನ್ ಹೆಸ್ರ್ ಬಪ್ಪಲ್ಲಿವರೆಗೆ ಈ ಬದಿಗೆ ಬರ್ಬೇಡಿ ಮರಾಯ್ರೆ. ಚಳಿ ಆರೆ ನಿಮ್ಮ್ ಮಂಜಿನ್ ಹತ್ರವೇ ಕಾಯ್ಸ್ಕಣಿ!”

ಡೆಸ್ಕಿಗೆ ಫೋನ್ ಮಾಡಿ ತಿದ್ದುಪಡಿ ಕೇಳಿದೆ. ಅಲ್ಲಿನ ಹಿರಿಯರು, “ಓದುಗರಿಗೆ ಚಳಿಯಾಯ್ತಲ್ಲ, ಸಾಕು ಬಿಡಿ” ಎಂದರು. ಅಚ್ಚಾದದ್ದು ಸರಿಯಿರಬೇಕು ಎಂಬುದು ನನ್ನ ಕಸುಬಿನ ಹಟ. ಆದ್ದರಿಂದ ಪ್ರತಿ ಚಳಿಗಾಲ ಬೇಲಿಯ ಈಚೆ ನಿಂತು, ಕೆಮ್ಮುತ್ತ, ಹೊಸ ಚಿತ್ರ ತೆಗೆದು, ‘ಬೀಜಾಡಿಯಲ್ಲಿ ಸುಡುಮಣ್ಣು ಮಾಡುತ್ತಿರುವ ಗುಲಾಬಕ್ಕ’ ಎಂದು ಬರೆದು ಕಳುಹಿಸಿದೆ. ಒಂದೂ ಅಚ್ಚಾಗಲಿಲ್ಲ. ಬೇಲಿಯ ಈಚೆಗೆ ಹೊಗೆ ಬರುತ್ತಿತ್ತು, ಬಿಸಿ ಬರುತ್ತಿರಲಿಲ್ಲ. ಗುಲಾಬಕ್ಕ ನನಗೆ ಕೇಳುವ ಹಾಗೆ ತಮ್ಮ ನಾಯಿಯೊಂದಿಗೆ ಮಾತಾಡುತ್ತಿದ್ದರು. ನಾಯಿಗೆ ಬ್ರೆಡ್ಡಿನ ವಿಚಾರದಲ್ಲಿ ಆಸಕ್ತಿ ಇದ್ದಂತೆ ಕಾಣಲಿಲ್ಲ. ಆಮೇಲೆ ಅವರು ಬೇಸಾಯ ನಿಲ್ಲಿಸಿ, ಗದ್ದೆ ಹಡಿಲು ಬಿಟ್ಟು, ಬ್ರಹ್ಮಾವರದ ತಂಗಿಯ ಮನೆಗೆ ಹೋದರು. ನಾಯಿಯೂ ಹೋಯಿತು.

2010ರ ಡಿಸೆಂಬರಿನಲ್ಲಿ ಆ ಗದ್ದೆಯ ಮೇಲೆ ನಿಜವಾದ ಮಂಜು ಬಿತ್ತು. ಅಭ್ಯಾಸಬಲದಿಂದ ಬೇಲಿಯ ಈಚೆಯೇ ನಿಂತು ಚಿತ್ರ ತೆಗೆದು, ‘ಮಂಜು’ ಎಂದು ಸ್ಪಷ್ಟವಾಗಿ ಬರೆದು ಕಳುಹಿಸಿದೆ. ಮರುದಿನ ಮುಖಪುಟದಲ್ಲಿ ಬಂತು: ‘ಬೀಜಾಡಿಯಲ್ಲಿ ಸುಡುಮಣ್ಣು ಮಾಡುತ್ತಿರುವ ಗುಲಾಬಕ್ಕ’. ಡೆಸ್ಕಿನ ಹಿರಿಯರು, “ವರ್ಷ ವರ್ಷ ನೀವು ಕೇಳ್ತಿದ್ದದ್ದು ಇದೇ ಅಲ್ವಾ?” ಎಂದರು.

ಮಧ್ಯಾಹ್ನದೊಳಗೆ ಬ್ರಹ್ಮಾವರದಿಂದ ಫೋನ್ ಬಂತು.

“ಹ್ವಾಯ್, ಈ ಸಲ ಪೇಪರಂಗೆ ನಾನ್ ಸಮಾ ಬಿದ್ದಿದ್ದೆ ಕಾಣಿ! ಎಡಗಡೆ ಬಗ್ಗಿದ್ದೆ ಅಲ್ದಾ? ಆ ದಿನ ಬೆಂಕಿ ಲಾಯ್ಕ್ ಹಿಡ್ದಿತ್ತ್. ತಂಗಿಗೂ ತೋರ್ಸ್ದೆ. ಎಂತ ತಿಂದ್ರಿ ಇವತ್ತ್?”

ಎಡಗಡೆ ಇರುವುದು ಒಂದು ತೆಂಗಿನ ಬೊಡ್ಡೆ.

ತಿದ್ದುಪಡಿ ಬರೆದಿಟ್ಟಿದ್ದೇನೆ. ಇನ್ನೂ ಕಳುಹಿಸಿಲ್ಲ.