ಲಲಿತಳ ನಿವ್ವಳ ತೂಕ

ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತೊಂದು ವರ್ಷ ತಕ್ಕಡಿಯ ಪಕ್ಕ ನಿಂತವನು ನಾನು. ಮೂಟೆಯನ್ನು ದೂರದಿಂದ ನೋಡಿಯೇ ಇಷ್ಟು ಎಂದು ಹೇಳಿಬಿಡುತ್ತಿದ್ದೆ. ಹಾಗಾಗಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿದ್ದ ನನ್ನ ಹೆಂಡತಿ ಲಲಿತಳನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯ ಡಯಟಿಷಿಯನ್ ಮೇಡಂ, "ಇವರ ತೂಕ ಇಳೀಬಾರದು ಸರ್. ಇಳಿದ್ರೆ ಕೀಮೋ ಮುಂದಕ್ಕೆ ಹೋಗಬಹುದು" ಎಂದಾಗ, ಸರಿಯಾದ ಮನುಷ್ಯನಿಗೇ ಸರಿಯಾದ ಕೆಲಸ ಸಿಕ್ಕಿತು ಎಂದುಕೊಂಡೆ.

ಮೇಡಂ ಒಂದು ಹಾಳೆಯನ್ನೂ ಕೊಟ್ಟಿದ್ದರು. ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಬೇಡ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಮೆತ್ತಗೆ ಬೆಂದ ಅನ್ನ, ತೊವ್ವೆ, ಮೊಸರು, ಮೊಟ್ಟೆ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ. ಸೊಪ್ಪು, ಕಾಳು, ಹಸಿ ತರಕಾರಿ ಸದ್ಯಕ್ಕೆ ಬೇಡ, ಕರುಳು ಸುಧಾರಿಸಿದ ಮೇಲೆ ಕೇಳಿಕೊಂಡು ಒಂದೊಂದಾಗಿ. ತುಪ್ಪ, ಕೊಬ್ಬರಿ, ಕರಿದದ್ದು ಬೇಡ. ನೀರು ಧಾರಾಳ. ಮೇಲೆ ನಲವತ್ತೆಂಟು ಕೆ.ಜಿ. ಎಂದು ಬರೆದು, ಎರಡು ವಾರ ಬಿಟ್ಟು ಬನ್ನಿ, ಇಲ್ಲೇ ತೂಗೋಣ ಎಂದರು.

ಅಲ್ಲೇ ಯಾಕೆ? ಮಂಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ತೂಕದ ಮಿಷನ್ನನ್ನು ಕೇಳಿ ತಂದೆ. ಆಟೋದಲ್ಲಿ ವಿನೋಬನಗರದ ನಮ್ಮ ಮನೆಗೆ ಸಾಗಿಸಿ, ತೂಕದ ಬಟ್ಟುಗಳನ್ನಿಟ್ಟು ಪರೀಕ್ಷಿಸಿದೆ. ಒಂದು ಗ್ರಾಂ ಕೂಡ ತಪ್ಪಲಿಲ್ಲ. ಜೊತೆಗೆ, ನಾಲ್ಕು ಖಾನೆ ಅಚ್ಚಾಗಿದ್ದ ಮಂಡಿಯ ತೂಕದ ಪುಸ್ತಕವನ್ನೂ ತಂದಿದ್ದೆ. ಲಲಿತ ಮಿಷನ್ ಹತ್ತುವ ಮೊದಲು, "ನನ್ನ ಯಾವ ರೇಟಿಗೆ ಕೊಡ್ತೀರಿ?" ಎಂದು ಕೇಳಿದಳು.

ಮೊದಲ ದಿನವೇ ನಲವತ್ತೇಳು!

ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಒಂದು ಕೆ.ಜಿ. ಎಲ್ಲಿ ಹೋಯಿತು? ನನಗೆ ನಿದ್ದೆ ಹತ್ತಲಿಲ್ಲ. ಆರು ಸಲದ ಊಟವನ್ನು ಒಂಬತ್ತು ಸಲಕ್ಕೆ ಏರಿಸಿದೆ. ಪ್ರತಿ ಸಲವೂ "ಮಾರಾಯ್ತಿ, ಇನ್ನೆರಡು ತುತ್ತು" ಎಂದು ಎದುರು ಕೂರುತ್ತಿದ್ದೆ. ಅವಳು ಬಿಟ್ಟದ್ದನ್ನು ವ್ಯರ್ಥ ಮಾಡಬಾರದೆಂದು ನಾನೇ ತಿನ್ನುತ್ತಿದ್ದೆ. ಆದರೂ ಭಾನುವಾರ, ತಲೆಗೆ ಸ್ನಾನ ಮಾಡಿ ಬಂದವಳನ್ನು ತೂಗಿದರೆ ನಲವತ್ತಾರು ಮುಕ್ಕಾಲು. ಚಳಿ ಬಿದ್ದು ಅವಳು ಸ್ವೆಟರ್ ಹಾಕಿಕೊಳ್ಳಲು ಶುರು ಮಾಡಿದ ಮೇಲಂತೂ ಇನ್ನೂ ಇಳಿಯಿತು.

ಭದ್ರಾವತಿಯಲ್ಲಿರುವ ನನ್ನ ಅಕ್ಕ ಸುಶೀಲಳಿಗೆ ಫೋನು ಮಾಡಿದೆ. ಅವಳು ಬಾಣಂತಿಯರಿಗೆ ಕೊಡುವ ಅಂಟಿನುಂಡೆ ಕಟ್ಟಿಟ್ಟಿರುತ್ತೇನೆ, ಬಂದು ತೆಗೆದುಕೊಂಡು ಹೋಗು, ವಾರದಲ್ಲಿ ಮೈ ತುಂಬುತ್ತದೆ ಎಂದಳು. ಬಸ್ಸು ಹತ್ತಿ ಹೋಗಿ ತಂದೆ. ಮಲವಗೊಪ್ಪ ದಾಟುವಾಗ ಡಬ್ಬಿಯಿಂದ ತುಪ್ಪದ ಘಮ ಬಂದು, ಜೇಬಿನಲ್ಲಿದ್ದ ಹಾಳೆ ನೆನಪಾಗದೆ ಇರಲಿಲ್ಲ. ಆದರೆ ಹಾಳೆಯಲ್ಲಿ ತುಪ್ಪ ಬೇಡ, ಕೊಬ್ಬರಿ ಬೇಡ ಎಂದಿತ್ತೇ ಹೊರತು ಉಂಡೆ ಬೇಡ ಎಂದಿರಲಿಲ್ಲ. ಕಾನೂನು ನನ್ನ ಕಡೆಗಿತ್ತು.

ನನ್ನ ಮುಖ ನೋಡಲಾಗದೆ ಲಲಿತ ಒಂದು ಉಂಡೆ ತಿಂದಳು. ಮರುದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಬಚ್ಚಲುಮನೆಯ ಒಳಗೆ, ನಾನು ಓಆರ್‌ಎಸ್ ಲೋಟ ಹಿಡಿದು ಹೊರಗೆ. ಆಸ್ಪತ್ರೆಗೆ ಫೋನು ಮಾಡಿ ಬೈಸಿಕೊಂಡೂ ಆಯಿತು. ಎರಡು ದಿನದಲ್ಲಿ ಅವಳು ಪುಣ್ಯಕ್ಕೆ ಸುಧಾರಿಸಿದಳು. ಉಳಿದ ಹತ್ತೊಂಬತ್ತು ಉಂಡೆಗಳನ್ನು, ಸಾಕ್ಷ್ಯನಾಶದ ದೃಷ್ಟಿಯಿಂದ, ನಾನೇ ಮುಗಿಸಿದೆ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಪುಸ್ತಕದ ಕೊನೆಯ ಖಾನೆಯಲ್ಲಿ ನಲವತ್ತಾರೂ ಇರಲಿಲ್ಲ. ಸಂಜೆ ಲಲಿತ ಬಟ್ಟೆ ಮಡಿಸುತ್ತಾ, "ನನ್ನ ಹಸಿರು ರೇಷ್ಮೆ ಸೀರೆ ಸುಶೀಲಕ್ಕನ ಸೊಸೆಗೆ ಇರಲಿ ರೀ. ನಿಮ್ಮ ಪುಸ್ತಕದ ಕೊನೇ ಖಾನೆ ನಾನೂ ನೋಡಿದೀನಿ" ಎಂದಳು.

ನಾನು ಪುಸ್ತಕ ತೆಗೆದು ಆ ದಿನದ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ.

ಮರುದಿನ ಆಸ್ಪತ್ರೆಯ ಮಿಷನ್ ನಲವತ್ತೊಂಬತ್ತು ತೋರಿಸಿತು.

"ನಿಮ್ಮ ಮಿಷನ್ ಸರಿ ಇಲ್ಲ ಮೇಡಂ" ಎಂದೆ. ಅನುಭವಸ್ಥನ ಗಾಂಭೀರ್ಯದಿಂದ ನನ್ನ ಪುಸ್ತಕ ಬಿಚ್ಚಿ ಅವರ ಮುಂದಿಟ್ಟೆ. ಮೇಡಂ ಖಾನೆಗಳನ್ನು ಒಂದೊಂದಾಗಿ ಓದಿದರು: ಒಟ್ಟು, ಚೀಲ, ತೇವ, ನಿವ್ವಳ.

"ಚೀಲ ಅಂದ್ರೆ ಏನು ಸರ್?"

"ಗೋಣಿಚೀಲದ ತೂಕ. ಅದನ್ನ ಕಳೀಬೇಕಲ್ಲ ಮೇಡಂ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಖಾನೆ ಖಾಲಿ ಬಿಟ್ಟು ಅಭ್ಯಾಸವಿಲ್ಲದ ಕೈ ಅದು. ಸೀರೆಗೆ ಒಂದು ಕೆ.ಜಿ. ಚೀಲ ಎಂದು ಕಳೆದಿತ್ತು. ಸ್ವೆಟರ್ ಬಂದ ದಿನದಿಂದ ಚೀಲ ಮೂರು ಕೆ.ಜಿ. ಒದ್ದೆ ತಲೆ ಕಂಡರೆ, ಹಸಿ ಅಡಿಕೆಗೆ ಕಳೆಯುವ ಹಾಗೆ, ತೇವ ಅರ್ಧ. ಉಂಡೆಯ ಆ ಎರಡು ದಿನ ಬಿಟ್ಟರೆ, ಒಟ್ಟಿನ ಖಾನೆಯಲ್ಲಿ ಲಲಿತ ದಿನದಿನಕ್ಕೂ ಏರಿದ್ದಳು. ಆದರೆ ನಿವ್ವಳ ಬಿಟ್ಟು ಬೇರೆ ಖಾನೆ ನೋಡುವವನು ಮಂಡಿಯವನೇ ಅಲ್ಲ!

ಮೇಡಂ ನಗು ತಡೆದುಕೊಂಡು, ತೂಕ ಚೆನ್ನಾಗಿದೆ, ಡಾಕ್ಟರಿಗೆ ಹೇಳುತ್ತೇನೆ, ಕೀಮೋ ಗುರುವಾರವೇ ಆಗಬಹುದು ಎಂದರು. ಲಲಿತ ಪುಸ್ತಕವನ್ನು ಎಳೆದುಕೊಂಡು ಬಹಳ ಹೊತ್ತು ನೋಡಿದಳು.

"ಮೂವತ್ತು ವರ್ಷ ರೈತರ ಅಡಿಕೇಲಿ ಕಳೆದಿದ್ದು ಸಾಲ್ದೂಂತ ನನ್ನಲ್ಲೂ ಕಳೆದ್ರಾ? ನಾನು ಸೀರೆ ಹಂಚ್ತಾ ಕೂತಿದ್ನಲ್ಲ ರೀ" ಎಂದಳು. ಆಮೇಲೆ ನಗಲು ಶುರು ಮಾಡಿದವಳು ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ನಕ್ಕಳು. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ.

"ಈಗ ನೀವು ಹತ್ತಿ" ಎಂದಳು.

ಹತ್ತಿದೆ. ಎಂಬತ್ತನಾಲ್ಕು. ಎರಡು ವಾರದಲ್ಲಿ ನಾಲ್ಕು ಕೆ.ಜಿ. ಹೆಚ್ಚು! ಚಪ್ಪಲಿ, ಬೆಲ್ಟು, ಮೊಬೈಲು ಎಂದು ನಾನು ಪಟ್ಟಿ ಹೇಳುತ್ತಿದ್ದಂತೆಯೇ ಲಲಿತ ನನ್ನ ಪೆನ್ನು ಕಿತ್ತುಕೊಂಡು ಪುಸ್ತಕದಲ್ಲಿ ಬರೆದಳು. ಒಟ್ಟು ಎಂಬತ್ತನಾಲ್ಕು. ಚೀಲ ಇಲ್ಲ. ತೇವ ಇಲ್ಲ. ನಿವ್ವಳ ಎಂಬತ್ತನಾಲ್ಕು.

ತೇವದ ಖಾನೆಯಲ್ಲಿ ಸ್ವಲ್ಪವಾದರೂ ಕಳೆಯಬಹುದಿತ್ತು. ನನ್ನ ಶರ್ಟಿನ ತೋಳು ಆಗಲೇ ಒದ್ದೆಯಾಗಿತ್ತು.