ಸ್ಟೆಪ್ನಿ ಇದೆ

ಚಿಂತೆ ಮಾಡಿದರೆ ಸಂಬಳ ಸಿಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಮೂವತ್ತು ವರ್ಷ ಅದನ್ನು ಬಿಟ್ಟಿಯಾಗಿ ಮಾಡುತ್ತಿರಲಿಲ್ಲ. ಗಲ್ಫಿನ ದಮ್ಮಾಮಿನ ಒಂದು ಕಂಪನಿಯಲ್ಲಿ ನಾನೀಗ ಸೇಫ್ಟಿ ಆಫೀಸರ್. ಏನೇನು ಕೆಡಬಹುದೆಂದು ಮುಂಚಿತವಾಗಿ ಯೋಚಿಸಿ, ಪಟ್ಟಿ ಮಾಡಿ, ಅದಕ್ಕೆ ಬೇರೆಯವರಿಂದ ಸಹಿ ಹಾಕಿಸುವುದು ನನ್ನ ಕೆಲಸ. ಮನೆಯಲ್ಲಿ ಇದೇ ಕೆಲಸಕ್ಕೆ ಬೈಗುಳ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಲಿಫ್ಟಿನಿಂದ ಎರಡನೆಯ ಸಲ ವಾಪಸು ಬಂದಾಗ ಹೆಂಡತಿ, “ಹೀಗೆ ಹತ್ತಿ ಇಳಿದು ಮಾಡ್ತಾ ಒಂದು ದಿನ ಲಿಫ್ಟಿನಲ್ಲೇ ಸಿಕ್ಕಿಹಾಕಿಕೊಳ್ತೀರಿ ನೋಡಿ” ಅಂದಳು. ಅಂದಿನಿಂದ ಲಿಫ್ಟಿನ ಚಿಂತೆಯೂ ಸೇರಿಕೊಂಡಿತು.

ಕಂಪನಿಯ ವಾಹನಗಳಿಗೆ ನಾನು ಮಾಡಿದ ಪಟ್ಟಿಯಲ್ಲಿ ನಲವತ್ತೆರಡು ಪ್ರಶ್ನೆಗಳಿವೆ. ಡ್ರೈವರುಗಳು ಹೊರಡುವ ಮುಂಚೆ ಒಂದೊಂದಕ್ಕೂ ಟಿಕ್ ಹಾಕಬೇಕು. ಹದಿನೇಳನೆಯದು ಬದಲಿ ಟೈರಿನ ಪ್ರಶ್ನೆ: ಸ್ಟೆಪ್ನಿ ಇದೆಯೇ? ನನ್ನ ಮಕ್ಕಳನ್ನು ಏನಾದರೂ ಕೇಳಿದರೆ ಇಂಗ್ಲಿಷಿನಲ್ಲಿ ತಿರುಗಿ ನನ್ನನ್ನೇ ಪ್ರಶ್ನೆ ಕೇಳುತ್ತಾರೆ. ಈ ಪಟ್ಟಿಗೆ ಮಾತ್ರ ‘ಇದೆ’ ಅಥವಾ ‘ಇಲ್ಲ’ ಎನ್ನದೆ ಯಾರಿಗೂ ಗತಿಯಿಲ್ಲ. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರೀತಿ.

ನಮ್ಮಲ್ಲೊಂದು ವಿಚಿತ್ರ ಪಿಕಪ್ ಇದೆ. ಅದರ ಬೆನ್ನ ಮೇಲೆ ಒಂದು ಪುಟ್ಟ ಕೋಣೆಯನ್ನೇ ಕೂರಿಸಿದ್ದಾರೆ: ಎರಡು ಮಂಚ, ಒಂದು ಒಲೆ, ಗೊರಕೆ ಹೊಡೆಯುವ ಏಸಿ. ಮರುಭೂಮಿಯ ಸೈಟುಗಳಲ್ಲಿ ಸರ್ವೇ ಮಾಡುವವರು ಅದರಲ್ಲಿ ಮಲಗುತ್ತಾರೆ. ಓಡಿಸುವವನು ಉಪ್ಪಿನಂಗಡಿಯ ಇಸ್ಮಾಯಿಲ್, ನನಗಿಂತ ಎರಡು ವರ್ಷ ದೊಡ್ಡವನು. ಕೆಲವು ತಿಂಗಳ ಹಿಂದೆ ಹಫ್ರ್ ಅಲ್ ಬಾತಿನ್ ದಾರಿಯಲ್ಲಿ ಈ ಗಾಡಿ ಪಂಕ್ಚರ್ ಆಗಿ ಐದು ಗಂಟೆ ನಿಂತಿತು. ಸೈಟಿನ ಕೆಲಸವೂ ನಿಂತಿತು. ‘ಮೇಲೆ ಕೋಣೆ ಇರುವಾಗ ಸ್ಟೆಪ್ನಿ ತೆಗೆಯಲು ಬರುವುದಿಲ್ಲ’ ಎಂದು ಇಸ್ಮಾಯಿಲ್ ಬರೆದುಕೊಟ್ಟ. “ಒಮ್ಮೆ ಅಂಗಳಕ್ಕೆ ಬಂದು ನೋಡಿ ಸರ್, ಆಮೇಲೆ ಬರೆಯಿರಿ” ಎಂದೂ ಕೇಳಿದ. ಹೊರಗೆ ನಲವತ್ತೇಳು ಡಿಗ್ರಿ ಬಿಸಿಲು. ನಾನು ಏಸಿಯಲ್ಲೇ ಕುಳಿತು ಪಟ್ಟಿ ನೋಡಿದೆ. ಹದಿನೇಳರ ಎದುರು ಅವನದೇ ಟಿಕ್ ಇತ್ತು. ‘ಸ್ಟೆಪ್ನಿ ಇತ್ತು. ಕಾರಣ ಸಮರ್ಥನೀಯವಲ್ಲ’ ಎಂದು ಬರೆದು ಎಚ್ಚರಿಕೆ ಪತ್ರ ಕೊಡಿಸಿದೆ.

ಎಚ್ಚರಿಕೆ ಪತ್ರ ಸಿಕ್ಕವನಿಗೆ ನಮ್ಮಲ್ಲಿ ಆರು ತಿಂಗಳು ರಜೆ ಇಲ್ಲ. ಅದರ ಮರುತಿಂಗಳೇ ಊರಿನಲ್ಲಿ ಅವನ ಮಗಳ ನಿಕಾಹ್ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಗೊತ್ತಿತ್ತು. ನಿಯಮ ಎಲ್ಲರಿಗೂ ಒಂದೇ ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿ ನಿಕಾಹ್ ಆದ ಮರುದಿನ ಅವನು ಇಲ್ಲಿ ಆಫೀಸಿಗೆಲ್ಲ ಲಡ್ಡು ಹಂಚಿದ. ನನಗೆ ಸಕ್ಕರೆ ಕಾಯಿಲೆ. ಅರ್ಧ ತಿಂದೆ.

ಹೋದ ತಿಂಗಳು ಸೈಟಿನಲ್ಲಿ ಸುರಕ್ಷತೆಯ ಬಗ್ಗೆ ಉಪನ್ಯಾಸ ಕೊಡಲು ಅದೇ ಗಾಡಿಯಲ್ಲಿ, ಅದೇ ಇಸ್ಮಾಯಿಲನ ಜತೆ ಹೊರಟೆ. ಹಫ್ರ್ ಅಲ್ ಬಾತಿನ್‌ಗೆ ಇನ್ನೂ ಎಂಬತ್ತು ಕಿಲೋಮೀಟರ್ ಇರುವಾಗ ಹಿಂದಿನ ಬಲಗಡೆಯ ಟೈರ್ ಡಬ್ ಎಂದಿತು. ಸುತ್ತ ಮರಳು, ಸ್ವಲ್ಪ ದೂರದಲ್ಲಿ ನಮ್ಮನ್ನೇ ನೋಡುತ್ತ ಮೂರು ಒಂಟೆ.

“ಇಸ್ಮಾಯಿಲ್, ಸ್ಟೆಪ್ನಿ ತೆಗೀರಿ” ಅಂದೆ.

“ನೀವೇ ತೆಗೀರಿ ಸರ್. ನಾನು ತೆಗೆದ್ರೆ ಬರೆಯುವಾಗ ನಿಮಗೆ ಪುನಃ ಡೌಟ್ ಬರ್ತದೆ.”

ಅವನು ಕೋಣೆಯೊಳಗೆ ಹೋಗಿ ಒಲೆ ಹಚ್ಚಿ ಚಹಾಕ್ಕಿಟ್ಟ. ನಾನು ಗಾಡಿಯಡಿ ತೂರಿದೆ. ಸ್ಟೆಪ್ನಿ ಇತ್ತು! ಹೊಟ್ಟೆಯಡಿ ಸರಪಳಿಯಲ್ಲಿ ನೇತಾಡುತ್ತಿತ್ತು. ಹಿಂದಿನ ಬಂಪರಿನಲ್ಲಿ ಒಂದು ತೂತು, ಅದರೊಳಗೆ ಉದ್ದದ ರಾಡ್ ತೂರಿಸಿ ತಿರುಗಿಸಿದರೆ ಸರಪಳಿ ಸಡಿಲವಾಗಿ ಟೈರ್ ಕೆಳಗಿಳಿಯಬೇಕು. ಆದರೆ ಕೋಣೆ ಹಿಂದಕ್ಕೆ ಒಂದು ಮೊಳ ಚಾಚಿಕೊಂಡಿದೆ. ಅದಕ್ಕೆ ಹತ್ತಲು ಕೂರಿಸಿದ ಕಬ್ಬಿಣದ ಮೆಟ್ಟಿಲು ಸರಿಯಾಗಿ ಆ ತೂತಿನ ಎದುರಿಗೇ ಇದೆ. ರಾಡನ್ನು ಬಲದಿಂದ, ಎಡದಿಂದ, ಮಲಗಿ, ಮಗುಚಿ ತೂರಿಸಲು ನೋಡಿದೆ. ಮೆಟ್ಟಿಲಿನ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಕೋಣೆಯನ್ನೇ ಎತ್ತಿ ಕೆಳಗಿಳಿಸೋಣವೆಂದರೆ ಅದನ್ನು ಎತ್ತಿ ನಿಲ್ಲಿಸುವ ನಾಲ್ಕು ಕಬ್ಬಿಣದ ಕಾಲುಗಳು ದಮ್ಮಾಮಿನ ಸ್ಟೋರಿನಲ್ಲಿವೆ. ಹೊರಚಾಚಿದ ಕಾಲುಗಳು ಅಪಾಯಕಾರಿ, ಬಿಚ್ಚಿಡಬೇಕು ಎಂಬ ಸುತ್ತೋಲೆ ನನ್ನದೇ.

“ಎಂತ ಸರ್, ಸಿಕ್ಕಿತಾ?”

“ರಾಡ್ ಹೋಗ್ತಾ ಇಲ್ಲ ಮಾರಾಯ!”

“ಹೋಗುದಿಲ್ಲ ಅಲ್ವಾ? ನಾನು ಬರೆದದ್ದೂ ಅದನ್ನೇ. ಚಹಾ ಕುಡೀರಿ. ಸಕ್ಕರೆ ಹಾಕ್ಲಿಲ್ಲ.”

ಒಂದೂವರೆ ಗಂಟೆಯಲ್ಲಿ ನಾನು ಆ ಟೈರಿಗೆ ಒಂದು ಇಂಚೂ ಹತ್ತಿರವಾಗಲಿಲ್ಲ. ಬೆನ್ನು ಸುಟ್ಟಿತು, ಅಂಗಿ ಹರಿಯಿತು, ಒಂಟೆಗಳೂ ಬೇಸತ್ತು ಹೊರಟುಹೋದವು. ಆಗ ಇಸ್ಮಾಯಿಲ್ ಸೀಟಿನ ಅಡಿಯಿಂದ ಹಳೆಯ ಲುಂಗಿಯಲ್ಲಿ ಸುತ್ತಿದ್ದ ಏನನ್ನೋ ತೆಗೆದ. ರಾಡೇ, ಆದರೆ ಮಧ್ಯೆ ಮೊಣಕೈಯಂತೆ ಬಾಗುವ ಒಂದು ಕೀಲು. ಹಫ್ರ್ ಅಲ್ ಬಾತಿನ್‌ನ ಪಂಕ್ಚರ್ ಅಂಗಡಿಯ ಪಠಾಣ ಮಾಡಿಕೊಟ್ಟದ್ದಂತೆ.

“ಇದು ನಿಮ್ಮ ಪಟ್ಟಿಯಲ್ಲಿ ಇಲ್ಲ ಸರ್. ಉಪಯೋಗಿಸಬಹುದಾ?”

ಮೆಟ್ಟಿಲಿನ ಪಕ್ಕದಿಂದ ರಾಡ್ ಬಾಗಿ ಒಳಹೋಯಿತು. ಐದು ನಿಮಿಷಕ್ಕೆ ಸ್ಟೆಪ್ನಿ ಮರಳಿನ ಮೇಲೆ ಬಂದು ಕೂತಿತು.

“ಮೊದಲೇ ಕೊಡಬಹುದಿತ್ತಲ್ಲ!” ನನ್ನ ದನಿ ಅಳುವಿನಂತಿತ್ತು.

“ಕೊಡಬಹುದಿತ್ತು. ಒಮ್ಮೆ ಬಂದು ನೋಡಿ ಅಂತ ಅವತ್ತು ಹೇಳಿದೆ. ನಿಮಗೆ ಪುರುಸೊತ್ತು ಇರ್ಲಿಲ್ಲ. ಇವತ್ತು ಇತ್ತು.” ನಟ್ಟು ಬಿಗಿಯುತ್ತ, ನನ್ನ ಮುಖ ನೋಡದೆ ಮುಂದುವರಿಸಿದ. “ಹುಡುಗನ ಕೈ ಹಿಡಿದು ನಿಕಾಹ್ ಮಾಡಿಕೊಡ್ಬೇಕಾದವ ತಂದೆ ಅಲ್ವಾ ಸರ್. ನನ್ನ ಜಾಗದಲ್ಲಿ ಅಣ್ಣ ಕೂತದ್ದು. ವೀಡಿಯೊ ಕಾಲ್ ಮಾಡಿ ಫೋನ್ ಹಿಡಿದವರು ಹಿಂದೆ ನಿಂತಿದ್ರು. ನನಗೆ ಕಂಡದ್ದು ಅಣ್ಣನ ಟೊಪ್ಪಿ ಮಾತ್ರ. ಅಳಿಯನನ್ನು ಇನ್ನೂ ಸರಿಯಾಗಿ ನೋಡ್ಲಿಲ್ಲ ನಾನು.”

“ಆ ಪತ್ರ ವಾಪಸು ತೆಗೆಸ್ತೇನೆ ಇಸ್ಮಾಯಿಲ್.”

“ತೆಗೆಸಿ ಮಾರಾಯ್ರೆ. ರಜೆಯಾದ್ರೂ ಸಿಗ್ಲಿ. ನಿಕಾಹ್ ಅಂತೂ ಎರಡನೇ ಸಲ ಮಾಡ್ಲಿಕ್ಕೆ ಇಲ್ಲ.”

ಅವನ ಬಾಯಲ್ಲಿ ‘ಸರ್’ ಹೋಗಿ ‘ಮಾರಾಯ್ರೆ’ ಬಂದದ್ದು ಬಡ್ತಿಯೋ ಹಿಂಬಡ್ತಿಯೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸೈಟಿನಲ್ಲಿ ಹರಿದ ಅಂಗಿಯಲ್ಲೇ ಉಪನ್ಯಾಸ ಕೊಟ್ಟೆ. ವಿಷಯ: ಮುನ್ನೆಚ್ಚರಿಕೆ.

ದಮ್ಮಾಮಿಗೆ ಬಂದು ವಿಳಂಬದ ವರದಿ ಬರೆಯಬೇಕಾಯಿತು. ಕಾರಣ ಬರೆಯುವವನೂ ನಾನೇ, ಅದನ್ನು ಪರಿಶೀಲಿಸುವವನೂ ನಾನೇ. ‘ಸಮರ್ಥನೀಯ’ ಎಂದು ಬರೆಯಲು ಅರ್ಧ ನಿಮಿಷ ಹಿಡಿಯಿತು. ಇಸ್ಮಾಯಿಲನ ಎಚ್ಚರಿಕೆ ಪತ್ರ ಹಿಂತೆಗೆದುಕೊಳ್ಳುವ ಕಾಗದಕ್ಕೆ ಮಾತ್ರ ಹನ್ನೊಂದು ಕರಡು ಬೇಕಾದವು. ಮೊದಲ ಹತ್ತರಲ್ಲಿ ತಪ್ಪು ತಾನಾಗಿಯೇ ನಡೆದಿತ್ತು. ಹನ್ನೊಂದನೆಯದರಲ್ಲಿ ಅದನ್ನು ಮಾಡಿದವನು ನಾನು. ಆ ಕಾಗದವನ್ನು ಕಚೇರಿಗೆ ಕೊಟ್ಟೆ. ಪಟ್ಟಿಗೆ ನಲವತ್ತಮೂರನೆಯ ಪ್ರಶ್ನೆಯನ್ನೂ ಸೇರಿಸಿದೆ: ಸ್ಟೆಪ್ನಿ ತೆಗೆಯಲು ಆಗುತ್ತದೆಯೇ?

ಮೊನ್ನೆ ಇಸ್ಮಾಯಿಲ್ ನನ್ನ ಮೇಜಿನ ಹತ್ತಿರ ಬಂದ. “ರಜೆಗೆ ಅರ್ಜಿ ಹಾಕಿದ್ದೆ. ಎಚ್ಚರಿಕೆ ಪತ್ರ ಉಂಟು, ಆಗುದಿಲ್ಲ ಅಂತಾರೆ. ನಿಮ್ಮ ಕಾಗದ ಉಂಟಾ?”

“ಇದೆ.”

“ತೆಗೀಲಿಕ್ಕೆ ಆಗ್ತದಾ?”

ಕಡತ ನೋಡಿಕೊಳ್ಳುವವನ ಬಳಿ ಹೋದೆ. ಎಚ್ಚರಿಕೆ ಪತ್ರಗಳು ಮೇಲಿನ ಖಾನೆಯಲ್ಲಿ, ಹಿಂತೆಗೆದುಕೊಳ್ಳುವ ಕಾಗದಗಳು ಕೆಳಗಿನದರಲ್ಲಂತೆ. ರಜೆ ಕೊಡುವವರು ನೋಡುವುದು ಮೇಲಿನದನ್ನು ಮಾತ್ರ. “ಸಂದಿಯಿಂದ ಹಾಕಿದ್ದೇನೆ, ಒಳಗೇ ಇದೆ, ಬೇಕಾದರೆ ನೋಡಿ” ಅಂದ. ಎಳೆದೆ. ಖಾನೆ ನಾಲ್ಕು ಬೆರಳು ತೆರೆದು ನಿಂತಿತು. ಅದರ ಎದುರಿಗೇ ಬೆಂಕಿ ಆರಿಸುವ ಸಿಲಿಂಡರಿನ ಕಬ್ಬಿಣದ ಸ್ಟ್ಯಾಂಡ್, ನೆಲಕ್ಕೆ ನಾಲ್ಕು ಬೋಲ್ಟ್. ಕಡತಗಳಿಗೆ ಬೆಂಕಿ ಬಿದ್ದರೆ ಎಂಬ ಚಿಂತೆಯಲ್ಲಿ ಒಂದು ರಾತ್ರಿ ನಿದ್ದೆಗೆಟ್ಟು, ಅದು ಅಲ್ಲೇ ಇರಬೇಕೆಂದು ಮರುದಿನ ಹಾಕಿಸಿದವನು ನಾನು.

ಸಂದಿಯಲ್ಲಿ ಬೆರಳು ತೂರಿಸಿದೆ. ಕಾಗದದ ತುದಿ ತಾಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಇನ್ನು ಇಸ್ಮಾಯಿಲನಿಗೆ ಫೋನ್ ಮಾಡಿ, ಆ ಬಾಗುವ ರಾಡ್ ಇದೆಯೇ ಎಂದು ನಾನೇ ಕೇಳಬೇಕು. ಹೇಗೆ ಕೇಳುವುದೆಂಬ ಚಿಂತೆಯಲ್ಲಿ ಇವತ್ತು ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಒಮ್ಮೆಯೂ ವಾಪಸು ಹೋಗಿಲ್ಲ.