ಕೆಲ್ವೋ ಜಾಣನೋ, ಬ್ರೆಗ್ ಜಾಣನೋ

ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಮಾಲ್ಕಮ್ ಆ ಒಂದು ಮಾತು ಆಡದೆ ಇದ್ದಿದ್ದರೆ ಸೆಡ್ರಿಕ್‌ನ ಶನಿವಾರ ಸುಖವಾಗಿ ಕಳೆದುಹೋಗುತ್ತಿತ್ತು.

"ಏನೇ ಹೇಳು, ಕೆಲ್ವೋಗಿಂತ ಬ್ರೆಗ್‌ಗೇ ಬುದ್ಧಿ ಜಾಸ್ತಿ," ಎಂದ ಮಾಲ್ಕಮ್.

ಹ್ಯಾಲಿಫ್ಯಾಕ್ಸಿನ ಬಸ್ ಡಿಪೋ ಕ್ಯಾಂಟೀನಿನಲ್ಲಿ ಚಮಚಗಳ ಸದ್ದು ನಿಂತಿತು. ಕೆಲ್ವೋ, ಬ್ರೆಗ್ ಇಬ್ಬರೂ ಮಂಗಳವಾರ ಸಂಜೆ ಟಿ.ವಿ.ಯಲ್ಲಿ ಬರುವ 'ದೂರದ ನೌಕೆ' ಧಾರಾವಾಹಿಯ ಯಂತ್ರಮಾನವರು. ಒಂದೇ ನೌಕೆಯಲ್ಲಿದ್ದರೂ ಒಬ್ಬರಿಗೊಬ್ಬರು ಆಗದು. ಕೆಲ್ವೋ ಬೆಳ್ಳಿ ಮೈಯ ಮೌನಿ, ಬ್ರೆಗ್ ಚೌಕ ತಲೆಯ ಮಾತುಗಾರ. ಈ ಧಾರಾವಾಹಿಗೆಂದೇ ಡಿಪೋದಲ್ಲಿ ಆರು ಜನರ ಸಂಘವಿತ್ತು. ಏಳನೆಯವರು ಅಧ್ಯಕ್ಷೆ ಡೋರೀನ್, ಕಳೆದುಹೋದ ಸಾಮಾನಿನ ಕೌಂಟರಿನವರು. ಅಧ್ಯಕ್ಷರು ಮತ ಹಾಕಬಾರದು ಎಂಬ ನಿಯಮವನ್ನು ಅವರೇ ಬರೆದು ಅವರೇ ಪಾಲಿಸುತ್ತಿದ್ದರು.

ಸೆಡ್ರಿಕ್ ಹದಿನೇಳು ವರ್ಷದಿಂದ ಬಸ್ಸಿನ ವೇಳೆ ಹೇಳುವ ಕಿಟಕಿಯಲ್ಲಿ ಕೂತವನು. ಕೆಲ್ವೋನ ಪರಮಭಕ್ತ.

"ಬ್ರೆಗ್‌ಗೆ ಬುದ್ಧಿನಾ? ನೌಕೆಗೆ ಬೆಂಕಿ ಬಿದ್ದಾಗ ಏನ್ ಮಾಡ್ದ ಅವನು? ಬೆಂಕಿ ಬಿದ್ದು ಎಷ್ಟು ನಿಮಿಷ ಆಯ್ತು ಅಂತ ಹೇಳ್ತಾ ನಿಂತ. ಆರಿಸಿದ್ದು ಕೆಲ್ವೋ."

"ನಿಮಿಷ ಎಣಿಸೋಕೂ ಬುದ್ಧಿ ಬೇಕಪ್ಪ."

ಮಾತಿಗೆ ಮಾತು ಬೆಳೆಯಿತು. ಮೂವರು ಈ ಕಡೆ, ಮೂವರು ಆ ಕಡೆ ಆದರು. ಡೋರೀನ್ ಚೀಲದಿಂದ ಒಂದು ಕಾಗದ ತೆಗೆದರು.

"ಸ್ಟುಡಿಯೋದವರು ಬರೆದಿದಾರೆ. ಕೊನೆ ಕಂತಿನ ಶೂಟಿಂಗ್ ನೋಡೋಕೆ ನಮ್ಮಲ್ಲಿ ಒಬ್ರನ್ನ ಕರೆದಿದಾರೆ. ಯಾರನ್ನ ಕಳ್ಸೋದು ಅಂತ ನಂಗೂ ತಲೆ ಕೆಟ್ಟಿತ್ತು. ಮೂರು ಗಂಟೆಗೆ ನೀವಿಬ್ರೂ ವಾದ ಮಾಡಿ. ಗೆದ್ದೋರು ಹೋಗಿ."

ಸೆಡ್ರಿಕ್ ಕೂಡಲೇ ಒಪ್ಪಿದ. ನಾಲ್ಕು ವರ್ಷದಲ್ಲಿ ಅವನು ಒಂದು ಕಂತೂ ತಪ್ಪಿಸಿರಲಿಲ್ಲ. ವೀಡಿಯೊ ಯಂತ್ರ ಇನ್ನೂ ಮನೆಮನೆಗೆ ಬಂದಿರಲಿಲ್ಲವಾದ್ದರಿಂದ ಟಿ.ವಿ.ಯ ಮುಂದೆ ಮೈಕ್ ಹಿಡಿದು ಪ್ರತಿ ಕಂತಿನ ಧ್ವನಿಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ. ಲೇಖಕ ಜೆ. ಕೋಲ್ಟ್ ಅವರಿಗೆ ಸ್ಟುಡಿಯೋ ವಿಳಾಸಕ್ಕೆ ಹನ್ನೊಂದು ಪತ್ರ ಬರೆದಿದ್ದ, ಒಂದಕ್ಕೂ ಉತ್ತರ ಬಂದಿರಲಿಲ್ಲ. ಆ ನೌಕೆಯೊಳಗೆ ಒಂದು ಸಲ ಕಾಲಿಟ್ಟರೆ ಸಾಕು, ಬಾಳಿನಲ್ಲಿ ಬೇರೇನೂ ಬೇಡ ಎಂದು ಅವನಿಗೆ ನಿಜವಾಗಿ ಅನಿಸುತ್ತಿತ್ತು.

ಪಾಳಿ ಮುಗಿದ ಮೇಲೆ ಸಾಕ್ಷಿಯ ಕ್ಯಾಸೆಟ್ಟು ತರಲು ಮನೆಗೆ ಓಡಿದ. ಪಕ್ಕದ ಮನೆಯ ಮಿಸ್ ಹಾರ್ಟ್ಲಿ ಕಿಟಕಿ ಒರೆಸುತ್ತಿದ್ದರು. ಎಪ್ಪತ್ತರ ಒಂಟಿ ಹೆಂಗಸು, ಜೊತೆಗೆ ಬಿಷಪ್ ಎಂಬ ಬೂದು ಬೆಕ್ಕು, ಹಗಲೂ ಸಂಜೆಯೂ ಕುಟ್ಟುವ ಟೈಪ್‌ರೈಟರು. ಎರಡು ಮನೆಗೂ ಒಂದೇ ಗೋಡೆ, ಅದೂ ತೆಳು.

"ಮಿಸ್ ಹಾರ್ಟ್ಲಿ, ನಿಮ್ಮ ಹಾಲಿನ ಬಾಟ್ಲಿ ಏಳು ಗಂಟೆ ಹತ್ತು ನಿಮಿಷದಿಂದ ಬಾಗಿಲಲ್ಲೇ ಇದೆ," ಎಂದ ಸೆಡ್ರಿಕ್, ಬಾಟಲಿಯನ್ನು ದಾಟಿಕೊಂಡು.

ಬಿಷಪ್ ಏನೂ ಹೇಳಲಿಲ್ಲ. ಬಾಟಲಿಯ ಪಕ್ಕ ಬಂದು ಕೂತು ಒಡತಿಯನ್ನು ನೋಡಿತು. ಅವರು ಬಂದು ಎತ್ತಿಕೊಂಡರು.

ಮೂರು ಗಂಟೆಗೆ ಕ್ಯಾಂಟೀನು ನ್ಯಾಯಾಲಯವಾಯಿತು. "ಕೆಲ್ವೋನ ಬುದ್ಧಿಯ ಪರಮಾವಧಿ ಇದು, ಶತ್ರು ನಾಯಕನ ಮುಂದೆ ನಿಂತ ಕ್ಷಣ. ಕೇಳಿ," ಎಂದು ಸೆಡ್ರಿಕ್ ಟೇಪ್ ಹಾಕಿದ.

ಎಲ್ಲರೂ ಕಿವಿಗೊಟ್ಟರು. ಆ ದೃಶ್ಯದಲ್ಲಿ ಕೆಲ್ವೋ ಮಾತನ್ನೇ ಆಡದೆ, ಬರೀ ನೋಟದಿಂದ ಶತ್ರುವನ್ನು ಓಡಿಸಿದ್ದ. ಕ್ಯಾಸೆಟ್ಟಿನಲ್ಲಿ ಕೇಳಿದ್ದು ಗೋಡೆಯಾಚೆಯ ಟೈಪ್‌ರೈಟರಿನ ಟಕಟಕ, ಆಮೇಲೆ ಸೆಡ್ರಿಕ್‌ನದೇ ದನಿ: "ಚಹಾ ಎಲೆ ನೆನೆಯೋಕಿಟ್ಟು ನಾಲ್ಕು ನಿಮಿಷ ಆಯ್ತು. ಇನ್ನರ್ಧ ನಿಮಿಷ ಬೇಕು."

"ಭಾರಿ ಬುದ್ಧಿವಂತ," ಎಂದ ಮಾಲ್ಕಮ್. ಕ್ಯಾಂಟೀನು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮತ ಹಾಕಿದರು. ಮೂರಕ್ಕೆ ಮೂರು.

"ಹೊರಗಿನೋರು ಯಾರಾದ್ರೂ ತೀರ್ಪು ಕೊಡ್ಬೇಕು. ಧಾರಾವಾಹಿ ನೋಡ್ದೇ ಇರೋರು," ಎಂದರು ಡೋರೀನ್.

"ನಮ್ಮ ಪಕ್ಕದ್ಮನೆ ಮಿಸ್ ಹಾರ್ಟ್ಲಿ ಇದಾರಲ್ಲ," ಎಂದ ಸೆಡ್ರಿಕ್. "ಅವ್ರ ಮನೇಲಿ ಟಿ.ವಿ.ನೇ ಇಲ್ಲ." ನೆರೆಯವರು, ತನ್ನ ಕಡೆಗೆ ವಾಲದೆ ಇರಲಾರರು ಎಂಬ ಲೆಕ್ಕವೂ ಒಳಗೊಳಗೆ ಇತ್ತು.

ಸೆಡ್ರಿಕ್ ಕರೆಯಲು ಹೋದಾಗ ಮಿಸ್ ಹಾರ್ಟ್ಲಿ ಬಾಗಿಲಲ್ಲೇ ಹಿಂಜರಿದರು. "ನಾನು ಬೇಡ್ವೋ ಮಾರಾಯ. ಆ ವಿಷಯದಲ್ಲಿ ನಂಗೆ..."

"ಏನೂ ಗೊತ್ತಿಲ್ಲ, ಅಲ್ವಾ? ಅಂಥೋರೇ ಬೇಕಾಗಿರೋದು," ಎಂದು ಅವರ ಟೋಪಿಯನ್ನು ಅವನೇ ಕೈಗಿತ್ತು ಕರೆತಂದ.

ಸೆಡ್ರಿಕ್ ಅಂದು ವಾದಿಸಿದ ಹಾಗೆ ಹಿಂದೆಂದೂ ವಾದಿಸಿರಲಿಲ್ಲ. "ಈ ಬ್ರೆಗ್ ಇದಾನಲ್ಲ, ಕತ್ತೆ ಮೇಡಂ. ಮೆಟ್ಟಿಲು ಹತ್ತೋವಾಗ ಗಟ್ಟಿಯಾಗಿ ಎಣಿಸ್ತಾನೆ. ದಿನಾ ಹತ್ತೋ ಮೆಟ್ಟಿಲೇ. ಅಳ್ತಾ ಬಂದೋರಿಗೆ ನೀವು ಎಷ್ಟು ನಿಮಿಷ ತಡ ಅಂತಾನೆ. ಯಾರೂ ಕೇಳಿರಲ್ಲ, ಹೇಳ್ತಾನೆ. ಇಂಥೋನ ಜೊತೆ ಬಾಳೋದು ಹೇಗೆ ಹೇಳಿ."

"ಕಷ್ಟಾನೇ," ಎಂದರು ಮಿಸ್ ಹಾರ್ಟ್ಲಿ.

ಮಾಲ್ಕಮ್ ಒಂದೇ ಮಾತು ಹೇಳಿದ: "ಆದ್ರೆ ಮನಸ್ಸು ಒಳ್ಳೇದು ಅವನದು."

ಮಿಸ್ ಹಾರ್ಟ್ಲಿ ತೀರ್ಪು ಹೇಳಿದರು. "ಸೆಡ್ರಿಕ್ ಹೇಳೋದೇ ಸರಿ. ಕೆಲ್ವೋನೇ ಜಾಣ."

ಸೆಡ್ರಿಕ್ ಕಾಗದಕ್ಕೆ ಕೈ ಚಾಚಿದ. ಡೋರೀನ್ ಕಾಗದವನ್ನು ಹಿಂದಕ್ಕೆಳೆದುಕೊಂಡು ನಡಾವಳಿ ಪುಸ್ತಕ ತೆರೆದರು. "ಕಾರಣ ಬರೀಬೇಕು. ಹೇಳಿ."

"ಬರೀಲೇಬೇಕಾ?"

"ನಿಯಮ."

ಮಿಸ್ ಹಾರ್ಟ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಜೆ. ಕೋಲ್ಟ್ ಅಂದ್ರೆ ನಾನೇ. ಬರೆದಿದ್ದನ್ನ ಅವ್ರು ಏನು ಮಾಡಿದಾರೋ ಅಂತ ನೋಡೋಕೆ ಧೈರ್ಯ ಇಲ್ಲ, ಅದಕ್ಕೇ ಟಿ.ವಿ. ಇಟ್ಕೊಂಡಿಲ್ಲ. ಕೆಲ್ವೋನ ನಮ್ಮ ಬಿಷಪ್‌ನ ನೋಡಿ ಬರೆದೆ. ಬೆಕ್ಕಿಗಿಂತ ಜಾಣರು ಯಾರಿದಾರೆ?"

ಮಾಲ್ಕಮ್ ಕೇಳಿದ: "ಮತ್ತೆ ಬ್ರೆಗ್‌ನ ಯಾರ್ನ ನೋಡಿ?"

"ನಮ್ಮ ಗೋಡೆ ತೆಳು," ಎಂದು ಅವರು ಸೆಡ್ರಿಕ್ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಪ್ಪ. ನೀನು ಮೆಟ್ಟಿಲು ಹತ್ತುವಾಗ ಹದಿಮೂರರ ತನಕ ಎಣಿಸೋದು ನಂಗೆ ದಿನಾ ಕೇಳ್ಸುತ್ತೆ. ನಿನ್ನ ಹನ್ನೊಂದು ಕಾಗದಾನೂ ಓದಿದೀನಿ. ಒಂದರಲ್ಲೂ ಬ್ರೆಗ್‌ನ ಬೈಯದೆ ಬಿಟ್ಟಿಲ್ಲ ನೀನು. ಏನಂತ ಉತ್ತರ ಬರೀಲಿ?"

ಸೆಡ್ರಿಕ್ ಆಗ ಸುಮ್ಮನಿದ್ದಿದ್ದರೆ ಕಾಗದ ಅವನದಾಗುತ್ತಿತ್ತು. ಆದರೆ ಎದ್ದು ನಿಂತ.

"ಒಂದ್ನಿಮಿಷ. ಬ್ರೆಗ್ ಅಷ್ಟೇನೂ ದಡ್ಡ ಅಲ್ಲ. ಬೆಂಕಿ ಬಿದ್ದು ಎಷ್ಟು ನಿಮಿಷ ಆಯ್ತು ಅನ್ನೋದು ಮುಖ್ಯ ತಾನೆ? ಮೆಟ್ಟಿಲು ಎಣಿಸಿದ್ರೆ ಕತ್ತಲಲ್ಲಿ ಬೀಳಲ್ಲ. ಸರಿಯಾಗಿ ನೋಡಿದ್ರೆ ಆ ನೌಕೆ ನಡೀತಿರೋದೇ ಅವನಿಂದ." ಇಪ್ಪತ್ತು ನಿಮಿಷ ಬ್ರೆಗ್‌ನ ಗುಣಗಾನ ಮಾಡಿದ. ಕೆಲ್ವೋನನ್ನು ಸೋಮಾರಿ ಎಂದೂ ಕರೆದ.

ಡೋರೀನ್ ಬರೆದು ಮುಗಿಸಿ ಪೆನ್ನು ಮುಚ್ಚಿದರು. "ಸೆಡ್ರಿಕ್ ಅವರು ಬ್ರೆಗ್ ಕಡೆ ಬಂದಿದ್ದಾರೆ. ನಾಲ್ಕಕ್ಕೆ ಎರಡು. ಸಮ ಇಲ್ಲದ ಮೇಲೆ ತೀರ್ಪಿನ ಅಗತ್ಯವೂ ಇಲ್ಲ." ಕಾಗದ ಮಾಲ್ಕಮ್‌ನ ಕೈಗೆ ಹೋಯಿತು.

"ಕೆಲ್ವೋ ಆಗಿದ್ರೆ ಬಾಯಿ ಬಿಡ್ತಿರ್ಲಿಲ್ಲ," ಎಂದರು ಮಿಸ್ ಹಾರ್ಟ್ಲಿ ಮೆಲ್ಲಗೆ.

ಐದು ಗಂಟೆಗೆ ಇಬ್ಬರೂ ಜೊತೆಯಲ್ಲೇ ಮನೆಗೆ ನಡೆದರು. ಸೆಡ್ರಿಕ್ ದಾರಿಯುದ್ದಕ್ಕೂ ಮಾತಾಡಲಿಲ್ಲ. ಇನ್ನು ಮುಂದೆಯೂ ಆಡುವುದಿಲ್ಲ ಎಂದು ನಿಶ್ಚಯಿಸಿದ್ದ. ಬಾಗಿಲು ಹಾಕಿಕೊಂಡು ಕೆಟಲ್ ಇಟ್ಟ, ಕುದಿದ ನೀರನ್ನು ಚಹಾ ಎಲೆಯ ಮೇಲೆ ಸುರಿದ, ತುಟಿ ಬಿಗಿದು ಕೂತ.

"ನಾಲ್ಕು ನಿಮಿಷ ಆಯ್ತು," ಎಂದಿತು ಬಾಯಿ ತನ್ನಷ್ಟಕ್ಕೆ ತಾನೇ.

ಗೋಡೆಯಾಚೆ ಟೈಪ್‌ರೈಟರು ಶುರುವಾಯಿತು.